ಸಭಾಕಂಪವೂ ಸತ್ಯವ್ರತವೂ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಮಾತಿನ ವಿಷಯದಲ್ಲಿ ನಮ್ಮ ಹಿರಿಯರು ಕೊಟ್ಟ ಎಚ್ಚರಿಕೆಗಳಲ್ಲಿ ಹೆಚ್ಚಿನವು ಅತಿಯಾಗಿ ಆಡುವವನನ್ನು ಕುರಿತವು. ಆಡಬೇಕಾದ ಸ್ಥಳದಲ್ಲಿ ಆಡದೆ ಉಳಿದವನನ್ನು ಕುರಿತು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಅವನನ್ನು ವಿನಯಶಾಲಿಯೆಂದು ಹೊಗಳಿ ಸುಮ್ಮನಾಗುತ್ತೇವೆ. ಸಭೆಯನ್ನು ಕಂಡು ನಡುಗುವ ಆ ಮೌನವು ಯಾವಾಗಲೂ ವಿನಯವೇ? ಅದರಿಂದ ಯಾರಿಗೂ ಹಾನಿಯಿಲ್ಲವೇ? ಈ ಪ್ರಶ್ನೆಯನ್ನು ನಮ್ಮ ಪರಂಪರೆಯ ಮುಂದಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಈ ಲೇಖಕನ ಬದುಕಿನದೇ ಒಂದು ಪ್ರಸಂಗವನ್ನು ಹೇಳಬೇಕಾಗಿದೆ. ಮಲೆನಾಡಿನ ಒಂದು ಚಿಕ್ಕ ಬಸದಿ. ದಶಲಕ್ಷಣ ಪರ್ವದ ದಿನಗಳು. ಹೊರಗೆ ಭಾದ್ರಪದದ ಮಳೆ. ಕಾಲೇಜು ಓದುತ್ತಿದ್ದ ನನಗೆ ಉತ್ತಮ ಸತ್ಯವನ್ನು ಕುರಿತು ಹತ್ತು ನಿಮಿಷ ಮಾತನಾಡಲು ಹಿರಿಯರು ಹೇಳಿದ್ದರು. ಒಂದು ವಾರ ಕುಳಿತು ಬರೆದು, ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದೆ. ಎದ್ದು ನಿಂತಾಗ ಮೊದಲ ವಾಕ್ಯ ಬಂದಿತು, ಎರಡನೆಯದು ಬರಲಿಲ್ಲ. ನಾಲಿಗೆ ಒಣಗಿತು, ಮೊಣಕಾಲು ನಡುಗಿತು. ಕೈಮುಗಿದು ಕುಳಿತುಬಿಟ್ಟೆ. ಯಾರೂ ನಗಲಿಲ್ಲ. ಆದರೆ ಇನ್ನೆಂದೂ ಸಭೆಯಲ್ಲಿ ಏಳುವುದಿಲ್ಲವೆಂದು ಅಂದು ನಾನು ನಿಶ್ಚಯಿಸಿಕೊಂಡೆ.

ಆ ನಿಶ್ಚಯದ ಬೆಲೆ ಕೆಲವು ವರ್ಷಗಳ ಅನಂತರ ತಿಳಿಯಿತು. ಒಂದು ಧಾರ್ಮಿಕ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಸ್ವಲ್ಪ ಜಮೀನನ್ನು ಬೇರೆ ಉಪಯೋಗಕ್ಕೆ ಬಿಟ್ಟುಕೊಡುವ ಠರಾವು ಬಂದಿತು. ಆ ಜಮೀನು ಒಬ್ಬ ವಿಧವೆ ತಾಯಿ ಬಸದಿಯ ನಂದಾದೀಪಕ್ಕೆಂದೇ ಬಿಟ್ಟದ್ದು. ಅದರ ಹಳೆಯ ದಾನಪತ್ರವನ್ನು ನಾನು ಕಣ್ಣಾರೆ ಓದಿದ್ದೆ. ಎದ್ದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಎದೆ ಬಡಿದುಕೊಂಡಿತೇ ಹೊರತು ಬಾಯಿ ತೆರೆಯಲಿಲ್ಲ. ಠರಾವು ಸರ್ವಾನುಮತದಿಂದ ಅಂಗೀಕೃತವಾಯಿತು. ಆ ಸರ್ವಾನುಮತದಲ್ಲಿ ನನ್ನ ಮತವೂ ಸೇರಿತ್ತು. ಮರುವರ್ಷ ಧೈರ್ಯ ಮಾಡಿ ದಾನಪತ್ರವನ್ನು ಒಬ್ಬ ಹಿರಿಯರಿಗೆ ತೋರಿಸಿದಾಗ ಅವರು ಬೈಯಲಿಲ್ಲ. “ಇದು ನಿನಗೆ ಅಂದೇ ಗೊತ್ತಿತ್ತೇ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಾ ನಮ್ಮ ಇತಿಹಾಸದ ಕಡೆ ತಿರುಗಿದವನು ನಾನು.

ಅಂಗಡಿಯ ಎರಡು ಮಾತು

ಈ ಹುಡುಕಾಟಕ್ಕೆ ದೂರ ಹೋಗಬೇಕಾಗಿಲ್ಲ. ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವೆ ಅಂಗಡಿ ಎಂಬ ಗ್ರಾಮವಿದೆ. ಶಾಸನಗಳ ಸೊಸೆವೂರು, ಕಾವ್ಯಭಾಷೆಯ ಶಶಕಪುರ ಇದೇ. ಹೊಯ್ಸಳರ ಮೂಲಸ್ಥಾನವೆಂದು ವಿದ್ವಾಂಸರು ಒಪ್ಪಿರುವ ಈ ಊರಿನಲ್ಲಿ ಪ್ರಾಚೀನ ಬಸದಿಗಳೂ ವಾಸಂತಿಕಾ ದೇವಿಯ ಗುಡಿಯೂ ಇವೆ. ಸುದತ್ತ ಮುನಿಗಳ ಬಳಿ ಸಳನೆಂಬ ಯುವಕನು ಕುಳಿತಿದ್ದಾಗ ಹುಲಿಯೊಂದು ಮೇಲೆ ಬಿದ್ದಿತೆಂದೂ, ಮುನಿಗಳು “ಪೊಯ್ ಸಳ” ಎಂದರೆಂದೂ, ಅವನು ಹುಲಿಯನ್ನು ಹೊಡೆದು ವಂಶಕ್ಕೆ ಪೊಯ್ಸಳ ಎಂಬ ಹೆಸರು ತಂದನೆಂದೂ ಐತಿಹ್ಯ. ಬೇಲೂರು ಹಳೇಬೀಡುಗಳಲ್ಲಿ ಸಳನು ಮೃಗದೊಡನೆ ಹೋರಾಡುವ ಲಾಂಛನವನ್ನು ಎಲ್ಲರೂ ಕಂಡಿದ್ದೇವೆ.

ಅಹಿಂಸಾ ಮಹಾವ್ರತಿಯಾದ ಮುನಿ ಹೊಡೆ ಎಂದಾರೆಯೇ ಎಂದು ನಮ್ಮ ಮಕ್ಕಳು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ ಅದು. ವಂಶದ ಹೆಸರಿಗೆ ಅರ್ಥ ಕಲ್ಪಿಸಲು ಮುಂದೆ ಹುಟ್ಟಿದ ಕಥೆ ಇದೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆದರೂ ಜನ ಯಾವುದನ್ನು ನೆನಪಿನಲ್ಲಿ ಉಳಿಸಿಕೊಂಡರು ಎಂಬುದನ್ನು ಗಮನಿಸಬೇಕು. ಒಂದು ರಾಜವಂಶದ ಮೂಲದಲ್ಲಿ ಅವರು ಎರಡು ಮಾತುಗಳನ್ನು ಇಟ್ಟರು. ಸಮಯಕ್ಕೆ ಸರಿಯಾಗಿ, ಕೇಳುವವನ ಹೆಸರು ಹಿಡಿದು, ಒಂದು ಅಕ್ಷರವೂ ಹೆಚ್ಚಿಲ್ಲದೆ ಆಡಿದ ಎರಡು ಮಾತುಗಳು. ಆ ಕಥೆಯೊಳಗಿನ ಗುರು ತನ್ನ ಮಾತು ಹೇಗೆ ಕೇಳಿಸೀತು ಎಂದು ಯೋಚಿಸುತ್ತಾ ನಿಂತಿದ್ದರೆ ಶಿಷ್ಯನು ಉಳಿಯುತ್ತಿರಲಿಲ್ಲ.

ಐತಿಹ್ಯವನ್ನು ಬಿಟ್ಟು ಶಾಸನಕ್ಕೆ ಬಂದರೆ ಅಂಗಡಿಯ ನೆಲ ಇನ್ನೂ ಗಟ್ಟಿಯಾಗುತ್ತದೆ. ಹೊಯ್ಸಳ ವಿನಯಾದಿತ್ಯನ ಗುರುಗಳಾದ ಶಾಂತಿದೇವರು 1062ರಲ್ಲಿ ಇಲ್ಲಿಯೇ ಸಮಾಧಿಮರಣವನ್ನು ಹೊಂದಿದುದನ್ನು ಇಲ್ಲಿಯ ಶಾಸನ ತಿಳಿಸುತ್ತದೆ. ಇದೇ ಶಾಂತಿದೇವರ ಹೆಸರು ಮತ್ತೊಮ್ಮೆ ದೊರೆಯುವುದು ಶ್ರವಣಬೆಳಗೊಳದಲ್ಲಿ. ಅವರ ಪಾದಸೇವೆಯಿಂದ ವಿನಯಾದಿತ್ಯನಿಗೆ ಅಭ್ಯುದಯವಾಯಿತೆಂದು ಅಲ್ಲಿಯ ಮಲ್ಲಿಷೇಣ ಪ್ರಶಸ್ತಿ ಹೇಳುತ್ತದೆ. ನಮ್ಮ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರವೂ ಆ ಪ್ರಶಸ್ತಿಯಲ್ಲಿಯೇ ಇದೆ.

ಚಂದ್ರಗಿರಿಯ ಕಂಬದಲ್ಲಿ

ಚಂದ್ರಗಿರಿಯ ಪಾರ್ಶ್ವನಾಥ ಬಸದಿಯ ಕಂಬದ ಮೇಲೆ ಕೆತ್ತಿರುವ ಈ ಪ್ರಶಸ್ತಿ 1129ರಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಮಲ್ಲಿಷೇಣ ಮಲಧಾರಿದೇವರ ಸ್ಮಾರಕ. ಅದು ಒಬ್ಬ ಗುರುವಿನ ಹೊಗಳಿಕೆಗೆ ನಿಲ್ಲದೆ, ಅವರ ಹಿಂದಿನ ಆಚಾರ್ಯಪರಂಪರೆಯನ್ನೆಲ್ಲ ನೆನೆಯುತ್ತದೆ. ಓದುತ್ತಾ ಹೋದಂತೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಆಚಾರ್ಯರಲ್ಲಿ ಅನೇಕರು ತಪಸ್ಸಿಗಾಗಿ ಎಷ್ಟೋ ಅಷ್ಟೇ ಸಭೆಯಲ್ಲಿ ನಿಂತು ಆಡಿದ ಮಾತಿಗಾಗಿ ಸ್ಮರಣೀಯರು. ಮಲ್ಲಿಷೇಣರ ಗುರು ಅಜಿತಸೇನರಿಗೆ ವಾದೀಭಸಿಂಹ, ಎಂದರೆ ವಾದಿಗಳೆಂಬ ಆನೆಗಳಿಗೆ ಸಿಂಹ ಎಂಬ ಬಿರುದು. 1025ರಲ್ಲಿ ಪಾರ್ಶ್ವನಾಥಚರಿತವನ್ನು ರಚಿಸಿದ ವಾದಿರಾಜರ ಹೆಸರಿನಲ್ಲಿಯೇ ವಾದವಿದೆ. ಸಮಂತಭದ್ರಾಚಾರ್ಯರು ಪಾಟಲಿಪುತ್ರ, ಮಾಳವ, ಸಿಂಧು, ಠಕ್ಕ, ಕಾಂಚಿ, ವಿದಿಶೆಗಳಲ್ಲಿ ವಾದಭೇರಿಯನ್ನು ಬಾರಿಸಿ ಕೊನೆಗೆ ಕರಹಾಟಕಕ್ಕೆ ಬಂದರೆಂದು ಪ್ರಶಸ್ತಿ ವರ್ಣಿಸುತ್ತದೆ.

ಅಂದಿನ ವಾದಸಭೆ ಇಂದಿನ ಭಾಷಣದ ವೇದಿಕೆಯಂತೆ ಏಕಮುಖವಾಗಿರಲಿಲ್ಲ. ಎದುರಾಳಿಯ ಮತವನ್ನು ಪೂರ್ವಪಕ್ಷವಾಗಿ ಮೊದಲು ಸರಿಯಾಗಿ ನಿರೂಪಿಸಬೇಕು, ಆಮೇಲೆ ತನ್ನ ಸಿದ್ಧಾಂತ. ಆದ್ದರಿಂದ ವಾದಿಯ ಮೊದಲ ಅರ್ಹತೆ ಕೇಳುವ ಶಕ್ತಿ. ಅಕಲಂಕದೇವರ ಕಥೆಯಲ್ಲಿ ಇದನ್ನೇ ಸೂಚಿಸುವ ಒಂದು ಪ್ರಸಂಗವಿದೆ. ಹಿಮಶೀತಲ ರಾಜನ ಆಸ್ಥಾನದಲ್ಲಿ ತೆರೆಯ ಹಿಂದಿನಿಂದ ಬಂದ ಉತ್ತರಗಳೊಡನೆ ಅವರು ಬಹುದಿನ ವಾದಿಸಿದರಂತೆ. ಕೊನೆಗೆ “ಈಗ ಹೇಳಿದುದನ್ನು ಇನ್ನೊಮ್ಮೆ ಹೇಳಿ” ಎಂದು ಕೇಳಿದಾಗ ತೆರೆಯ ಹಿಂದೆ ಮೌನ ಆವರಿಸಿತಂತೆ. ಒಡನೆಯೇ ಅವರು ತೆರೆಯನ್ನು ಸರಿಸಿ, ಮಾತನಾಡುತ್ತಿದ್ದುದು ಪ್ರತಿವಾದಿಯಲ್ಲ, ಘಟದಲ್ಲಿ ಸ್ಥಾಪಿತವಾದ ದೇವತೆ ಎಂಬುದನ್ನು ಹೊರಗೆಡಹಿದರೆಂದು ಕಥೆ. ಇದನ್ನು ಅನ್ಯಮತದ ಹೀಯಾಳಿಕೆಯಾಗಿ ಓದಬೇಕಾಗಿಲ್ಲ. ಒಂದೇ ವಿಷಯವನ್ನು ಎರಡನೆಯ ಸಲ ಬೇರೆ ಮಾತಿನಲ್ಲಿ ಹೇಳಬಲ್ಲವನಿಗೆ ಮಾತ್ರ ಅದು ಅರ್ಥವಾಗಿದೆ ಎಂಬ ತತ್ತ್ವ ಇದರಲ್ಲಿದೆ. ಬಾಯಿಪಾಠದ ಎರಡನೆಯ ವಾಕ್ಯವನ್ನು ಮರೆತು ಕುಳಿತ ನನ್ನಂಥವನಿಗೆ ಈ ಕಥೆ ಬೇರೆ ರೀತಿಯಲ್ಲಿ ಕೇಳಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದುದು, ಸಾಹಸತುಂಗ ರಾಜನ ಮುಂದೆ ಅಕಲಂಕರು ಹೇಳಿದರೆಂದು ಮಲ್ಲಿಷೇಣ ಪ್ರಶಸ್ತಿ ದಾಖಲಿಸಿರುವ ಮಾತಿನ ಭಾವ. ತಾವು ವಾದಕ್ಕೆ ನಿಂತದ್ದು ಅಹಂಕಾರಕ್ಕೆ ವಶವಾಗಿ ಅಲ್ಲ, ದ್ವೇಷದಿಂದಲೂ ಅಲ್ಲ. ಆತ್ಮವಿಲ್ಲವೆಂದು ನಂಬಿ ಕೆಡುತ್ತಿರುವ ಜನರ ಮೇಲಿನ ಕಾರುಣ್ಯಬುದ್ಧಿಯಿಂದ ಎಂದು ಅವರು ಸ್ಪಷ್ಟಪಡಿಸುತ್ತಾರೆ. ಸಭೆಗೆ ಹೆದರದ ಮಹಾವಾದಿಯ ಧೈರ್ಯದ ಮೂಲ ಇಲ್ಲಿದೆ. ಅವರ ದೃಷ್ಟಿ ತಮ್ಮ ಮೇಲೆ ಇರಲಿಲ್ಲ, ಎದುರಿಗೆ ಕುಳಿತವರ ಹಿತದ ಮೇಲೆ ಇತ್ತು.

ಕೇಳುವವನಿಗಾಗಿ ಕಾದ ದಿವ್ಯಧ್ವನಿ

ಈ ದೃಷ್ಟಿ ಅಕಲಂಕರಿಗೆ ಎಲ್ಲಿಂದ ಬಂದಿತು ಎಂದರೆ ಭಗವಾನ್ ಮಹಾವೀರರ ಮೊದಲ ಉಪದೇಶದ ಕಥೆಯನ್ನೇ ನೆನೆಯಬೇಕಾಗುತ್ತದೆ. ನಮ್ಮ ದಿಗಂಬರ ಪರಂಪರೆಯ ಪ್ರಕಾರ ಕೇವಲಜ್ಞಾನವಾದ ಮೇಲೆ 66 ದಿನ ಭಗವಾನರ ದಿವ್ಯಧ್ವನಿ ಹೊರಡಲಿಲ್ಲ. ಜ್ಞಾನಕ್ಕೆ ಕೊರತೆಯಿತ್ತೇ? ಇಲ್ಲ. ಅದನ್ನು ಗ್ರಹಿಸಿ ಲೋಕಕ್ಕೆ ತಲುಪಿಸಬಲ್ಲ ಗಣಧರನೊಬ್ಬನು ಬೇಕಾಗಿತ್ತು. ಇಂದ್ರಭೂತಿ ಗೌತಮನು ಬಂದ ಮೇಲೆ ಶ್ರಾವಣ ಕೃಷ್ಣ ಪ್ರತಿಪದೆಯಂದು ರಾಜಗೃಹದ ವಿಪುಲಾಚಲದಲ್ಲಿ ಮೊದಲ ದಿವ್ಯಧ್ವನಿ ಮೊಳಗಿತು. ಆ ದಿನವನ್ನೇ ನಾವು ವೀರಶಾಸನ ಜಯಂತಿಯಾಗಿ ಆಚರಿಸುತ್ತೇವೆ. ಸಮವಸರಣದಲ್ಲಿ ಆ ಧ್ವನಿ ಪ್ರತಿಯೊಂದು ಜೀವಿಗೂ ಅದರದರ ಭಾಷೆಯಲ್ಲಿ ತಿಳಿಯಿತೆಂದು ಪುರಾಣಗಳು ಹೇಳುತ್ತವೆ. ತೀರ್ಥಂಕರರ ಅತಿಶಯವನ್ನು ನಮ್ಮಂಥವರ ಭಾಷಣಕ್ಕೆ ಹೋಲಿಸುವುದು ಉಚಿತವಲ್ಲ. ಆದರೆ ಮಾತಿನ ಆದರ್ಶ ಯಾವುದೆಂಬುದು ಇದರಿಂದ ತಿಳಿಯುತ್ತದೆ. ಮಾತು ಪೂರ್ಣವಾಗುವುದು ಆಡುವವನ ಬಾಯಲ್ಲಿ ಅಲ್ಲ, ಕೇಳುವವನ ಮನಸ್ಸಿನಲ್ಲಿ.

ಭೀರುತ್ವ ತ್ಯಾಗ

ಇನ್ನು ಶಾಸ್ತ್ರದ ವಿಧಿಯನ್ನು ನೋಡೋಣ. ದಶಲಕ್ಷಣ ಪರ್ವದ ಹತ್ತು ದಿನ ನಮ್ಮ ಬಸದಿಗಳಲ್ಲಿ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ಪಠಿಸುವ ರೂಢಿಯಿದೆ. ವ್ರತಗಳನ್ನು ವಿವರಿಸುವ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳಿದ್ದಾರೆ. ಕ್ರೋಧದ ತ್ಯಾಗ, ಲೋಭದ ತ್ಯಾಗ, ಭೀರುತ್ವದ ತ್ಯಾಗ, ಹಾಸ್ಯದ ತ್ಯಾಗ ಮತ್ತು ಅನುವೀಚಿಭಾಷಣ, ಅಂದರೆ ವಿಚಾರ ಮಾಡಿ ಆಡುವ ಮಾತು.

ಕೋಪದಿಂದ, ಆಸೆಯಿಂದ, ತಮಾಷೆಗಾಗಿ ಸುಳ್ಳಾಡುವುದು ದೋಷವೆಂಬುದು ಎಲ್ಲರಿಗೂ ಗೊತ್ತಿದೆ. ಭಯವನ್ನೂ ಆಚಾರ್ಯರು ಅದೇ ಸಾಲಿನಲ್ಲಿ ಇಟ್ಟಿದ್ದಾರೆ. ಭಯಪಟ್ಟವನು ಎರಡು ಬಗೆಯಲ್ಲಿ ಸತ್ಯಕ್ಕೆ ದೂರವಾಗುತ್ತಾನೆ. ಎದುರಿಗಿರುವವರಿಗೆ ಹಿತವಾಗಲೆಂದು ಇಲ್ಲದ್ದನ್ನು ಹೇಳುತ್ತಾನೆ, ಇಲ್ಲವೇ ಇದ್ದದ್ದನ್ನು ಹೇಳದೆ ಉಳಿಯುತ್ತಾನೆ. ಮೌನವೇ ಸಮ್ಮತಿಯೆಂದು ಎಣಿಸಲ್ಪಡುವ ಸಭೆಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಬಹಳ ಹಗುರವೇನಲ್ಲ.

ಹಾಗಾದರೆ ವಚನಗುಪ್ತಿ? ಮೌನವ್ರತ? ಅವು ನಮ್ಮ ಧರ್ಮದ ಆಭರಣಗಳು. ಆದರೆ ಗುಪ್ತಿಯೆಂದರೆ ಮಾತನ್ನು ತನ್ನ ವಶದಲ್ಲಿ ಇಟ್ಟುಕೊಳ್ಳುವುದು. ಹೆದರಿದವನ ಮೌನದಲ್ಲಿ ಮಾತು ಅವನ ವಶದಲ್ಲಿಲ್ಲ, ಅವನು ಭಯದ ವಶದಲ್ಲಿದ್ದಾನೆ. ಆಡಬಲ್ಲವನು ಆಡದಿರುವುದು ಸಂಯಮ. ಆಡಲಾರದೆ ಆಡದಿರುವುದು ಸಂಯಮವಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಆಗಿ ಕಾಣಬಹುದು, ಒಳಗಿರುವವನಿಗೆ ವ್ಯತ್ಯಾಸ ಗೊತ್ತಿರುತ್ತದೆ.

ಈ ಭಯದ ಬೇರನ್ನು ಅಗೆದು ನೋಡಿದರೆ ಅಲ್ಲಿ ಸಿಗುವುದು ಮಾನಕಷಾಯ. ತಪ್ಪಾದರೆ ನನ್ನನ್ನು ಏನೆಂದಾರು, ನನ್ನ ಧ್ವನಿ ನಡುಗಿದ್ದು ಕಂಡೀತೇ, ನನ್ನ ಕನ್ನಡ ಗ್ರಾಮ್ಯವೆನಿಸೀತೇ ಎಂಬ ಪ್ರಶ್ನೆಗಳಲ್ಲೆಲ್ಲ ನಡುವೆ ಕುಳಿತಿರುವುದು ನಾನು. ಗರ್ವಿಯಾದ ವಾಗ್ಮಿಯೂ ನಡುಗುವ ಶ್ರಾವಕನೂ ಈ ಒಂದು ವಿಷಯದಲ್ಲಿ ಸೋದರರು. ಇಬ್ಬರೂ ವಿಷಯವನ್ನು ಬಿಟ್ಟು ತಮ್ಮನ್ನೇ ನೋಡಿಕೊಳ್ಳುತ್ತಿದ್ದಾರೆ. ಆದ್ದರಿಂದ ಸಭಾಕಂಪಕ್ಕೆ ಮದ್ದು ಗರ್ವವನ್ನು ಬೆಳೆಸಿಕೊಳ್ಳುವುದಲ್ಲ, ದೃಷ್ಟಿಯನ್ನು ತಿರುಗಿಸುವುದು. ಅಕಲಂಕರು ಹೇಳಿದ ಕಾರುಣ್ಯಬುದ್ಧಿಯೆಂದರೆ ಇದೇ.

ಭವ್ಯಜನರು ಎದ್ದು ನಿಂತ ದಿನ

ಆಚಾರ್ಯರು ಮಹಾಪುರುಷರು, ನಾವು ಸಾಮಾನ್ಯ ಶ್ರಾವಕರು ಎಂದು ಯಾರಾದರೂ ಹೇಳಬಹುದು. ಸಾಮಾನ್ಯ ಶ್ರಾವಕರ ನಿದರ್ಶನವೂ ಬೆಳಗೊಳದ ಕಲ್ಲಿನಲ್ಲಿಯೇ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಭವ್ಯಜನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಪಂಚಮಹಾವಾದ್ಯ ಮತ್ತು ಕಲಶಗಳಿಗೆ ಜೈನರು ಮೊದಲಿನಂತೆ ಅರ್ಹರೆಂದೂ ಶಾಸನ ಮಾಡಿಸಿದನು. ಬೆಳಗೊಳದ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸುವ ವ್ಯವಸ್ಥೆಯೂ ಆಯಿತು.

ರಾಯನ ಔದಾರ್ಯವನ್ನು ನಾವು ಯೋಗ್ಯವಾಗಿಯೇ ಕೊಂಡಾಡುತ್ತೇವೆ. ಅದಕ್ಕೆ ಮೊದಲು ಯಾರೋ ಎದ್ದು ನಿಂತು ಬಿನ್ನಹ ಮಾಡಿದ್ದರು ಎಂಬುದನ್ನು ಮರೆಯುತ್ತೇವೆ. ಅವರ ಹೆಸರುಗಳನ್ನು ನಾವು ನೆನೆಯುವುದಿಲ್ಲ. ಆದರೆ ಅವರು ಸುಮ್ಮನಿದ್ದಿದ್ದರೆ ಆ ಶಾಸನವೂ ಇರುತ್ತಿರಲಿಲ್ಲ, ಎರಡು ಸಮಾಜಗಳ ಕೈ ಸೇರುತ್ತಲೂ ಇರಲಿಲ್ಲ. ಸರಿಯಾದ ಮಾತು ಜಗಳವನ್ನು ಹುಟ್ಟಿಸಲಿಲ್ಲ, ಅದನ್ನು ಮುಗಿಸಿತು.

ಭಿನ್ನಮತದವರ ನಡುವೆ ನಿಂತು ಮಾತನಾಡುವ ಹದವೂ ನಮ್ಮ ಈ ಭಾಗಕ್ಕೆ ಹೊಸದಲ್ಲ. ಕಳಸ ಕಾರ್ಕಳಗಳನ್ನು ಆಳಿದ ಭೈರರಸ ಒಡೆಯರು ಜೈನರು. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದ ವೀರಪಾಂಡ್ಯನು ಈ ಮನೆತನದವನು. ಭದ್ರಾ ತೀರದ ಕಳಸೇಶ್ವರನ ದೇವಾಲಯವೂ ಈ ಅರಸರ ಪೋಷಣೆಯನ್ನು ಪಡೆಯಿತು. ಚಾರ್ಮಾಡಿ ಘಾಟಿಯನ್ನು ಇಳಿದರೆ ಸಿಗುವ ಧರ್ಮಸ್ಥಳದಲ್ಲಿ ಮಂಜಯ್ಯ ಹೆಗ್ಗಡೆಯವರ ಕಾಲದಿಂದಲೂ ಲಕ್ಷದೀಪೋತ್ಸವದ ಸಂದರ್ಭದಲ್ಲಿ ಸರ್ವಧರ್ಮ ಸಮ್ಮೇಳನ ನಡೆದು ಬಂದಿದೆ. ಸ್ಯಾದ್ವಾದವು ಗ್ರಂಥದಲ್ಲಿ ನ್ಯಾಯದ ವಿಷಯ, ಸಭೆಯಲ್ಲಿ ಅದು ಸೌಜನ್ಯದ ವಿಷಯ. ಒಂದು ದೃಷ್ಟಿಯಿಂದ ಇದು ಹೀಗೆ ತೋರುತ್ತದೆ ಎಂದು ಆರಂಭಿಸುವವನಿಗೆ ಎದುರಾಳಿಗಳು ಕಡಿಮೆ, ಭಯವೂ ಕಡಿಮೆ.

ತೊದಲಿದ ಮಹಾತ್ಮ

ಆಧುನಿಕ ಕಾಲದಲ್ಲಿ ಸಭಾಕಂಪದ ಅತ್ಯಂತ ಪ್ರಾಮಾಣಿಕ ವರ್ಣನೆ ಕೊಟ್ಟವರು ಮಹಾತ್ಮ ಗಾಂಧೀಜಿ. ವಿಲಾಯತಿಗೆ ಹೊರಡುವ ಮುನ್ನ ತಾಯಿಯ ಸಮ್ಮುಖದಲ್ಲಿ ಅವರಿಗೆ ಮದ್ಯಮಾಂಸಾದಿ ತ್ಯಾಗದ ಪ್ರತಿಜ್ಞೆ ಮಾಡಿಸಿದವರು ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧುಗಳು. ಆ ವ್ರತವೇ ಅವರನ್ನು ಲಂಡನ್ನಿನ ಸಸ್ಯಾಹಾರಿ ಸಂಘಕ್ಕೆ ಸೇರಿಸಿತು. ಅದರ ಕಾರ್ಯಕಾರಿ ಸಮಿತಿಯಲ್ಲಿದ್ದರೂ ಅವರು ಬಾಯಿ ತೆರೆಯುತ್ತಿರಲಿಲ್ಲ. ಡಾಕ್ಟರ್ ಆಲಿನ್ಸನ್ ಎಂಬ ಸದಸ್ಯರನ್ನು ಅಭಿಪ್ರಾಯಭೇದಕ್ಕಾಗಿ ಹೊರಹಾಕುವ ಪ್ರಶ್ನೆ ಬಂದಾಗ, ಆಲಿನ್ಸನ್ನರ ಅಭಿಪ್ರಾಯ ತಮಗೆ ಒಪ್ಪಿಗೆಯಿಲ್ಲದಿದ್ದರೂ ಹೊರಹಾಕುವುದು ಅನುಚಿತವೆಂದು ಗಾಂಧೀಜಿಗೆ ತೋರಿತು. ತಮ್ಮ ಅಭಿಪ್ರಾಯವನ್ನು ಬರೆದುಕೊಂಡು ಹೋದರು. ಓದಲು ಧೈರ್ಯ ಬರಲಿಲ್ಲ, ಬೇರೊಬ್ಬರು ಓದಿದರು. 1891ರಲ್ಲಿ ಬೀಳ್ಕೊಡುಗೆಯ ಔತಣದಲ್ಲಿ ಸಿದ್ಧಪಡಿಸಿದ್ದ ಮಾತು ಮರೆತುಹೋಗಿ, ವಂದನೆ ಹೇಳಿ ಕುಳಿತರು. ಮುಂಬಯಿಯ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ಸುತ್ತಿ, ಪ್ರಶ್ನೆ ತೋಚದೆ, ಕಕ್ಷಿಯ ಶುಲ್ಕವನ್ನು ಮರಳಿಸಿ ಹೊರನಡೆದರು.

ಈ ವ್ಯಕ್ತಿ ಮೊದಲ ಸಾರ್ವಜನಿಕ ಭಾಷಣ ಮಾಡಿದ್ದು 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ, ಅಲ್ಲಿಯ ಭಾರತೀಯರ ಸಭೆಯಲ್ಲಿ. ವಿಷಯ ವ್ಯಾಪಾರದಲ್ಲಿ ಸತ್ಯನಿಷ್ಠೆ. ಲಂಡನ್ನಿನ ಔತಣದಲ್ಲಿ ಬಾರದ ಮಾತು ಇಲ್ಲಿ ಹೇಗೆ ಬಂದಿತು? ಔತಣದಲ್ಲಿ ಅವರು ಚಮತ್ಕಾರದ ಭಾಷಣ ಮಾಡಲು ಹೊರಟಿದ್ದರು. ಪ್ರಿಟೋರಿಯಾದಲ್ಲಿ ಅವಮಾನ ಅನುಭವಿಸುತ್ತಿದ್ದ ತಮ್ಮವರಿಗೆ ಹೇಳಲೇಬೇಕಾದ ಮಾತೊಂದಿತ್ತು, ಅದಕ್ಕೆ ತಕ್ಕ ಸಿದ್ಧತೆಯನ್ನೂ ಮಾಡಿಕೊಂಡಿದ್ದರು. ಭಯ ಒಂದೇ ದಿನಕ್ಕೆ ಹೋಗಲಿಲ್ಲ. 1896ರಲ್ಲಿ ಮುಂಬಯಿಯ ದೊಡ್ಡ ಸಭೆಯೊಂದರಲ್ಲಿ ಅವರ ಭಾಷಣವನ್ನು ಮತ್ತೆ ಬೇರೊಬ್ಬರು ಓದಬೇಕಾಯಿತು. ಆದರೆ ತಮ್ಮ ಸಂಕೋಚವು ತಮಗೆ ಮಾತಿನ ಮಿತವ್ಯಯವನ್ನು ಕಲಿಸಿತೆಂದು ಅವರು ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ಅವರ ಆಧ್ಯಾತ್ಮಿಕ ಸ್ನೇಹಿತರಾದ ಶ್ರೀಮದ್ ರಾಜಚಂದ್ರರ ದಾರಿ ಇದಕ್ಕೆ ತಿರುಗು. 1887ರಲ್ಲಿ, 19ರ ಹರೆಯದಲ್ಲಿ, ಮುಂಬಯಿಯಲ್ಲಿ ಶತಾವಧಾನ ಮಾಡಿ ಜನರನ್ನು ಬೆರಗುಗೊಳಿಸಿದ ಅವರು ಆತ್ಮಸಾಧನೆಗೆ ಅಡ್ಡಿಯೆಂದು ಅಂತಹ ಪ್ರದರ್ಶನಗಳನ್ನೇ ಬಿಟ್ಟರು. ಒಬ್ಬರು ಭಯವನ್ನು ದಾಟಿದರು, ಇನ್ನೊಬ್ಬರು ಚಪ್ಪಾಳೆಯನ್ನು ದಾಟಿದರು. ಇಬ್ಬರೂ ಸೇರಿದ ಸ್ಥಳ ಸತ್ಯ.

1893ರ ಸೆಪ್ಟೆಂಬರಿನ ಚಿಕಾಗೊ ಸರ್ವಧರ್ಮ ಸಮ್ಮೇಳನವೂ ಇಲ್ಲಿ ನೆನಪಾಗುತ್ತದೆ. ಮುನಿಧರ್ಮದ ನಿಯಮದಿಂದಾಗಿ ಹಡಗಿನಲ್ಲಿ ಪ್ರಯಾಣ ಮಾಡಲಾರದ ಆಚಾರ್ಯ ಆತ್ಮಾರಾಮಜಿಯವರ ಪರವಾಗಿ ಹೋದವರು ವೀರಚಂದ್ ರಾಘವಜಿ ಗಾಂಧಿ. ಆಗ ಅವರಿಗೆ 29 ವರ್ಷ. ಆಚಾರ್ಯರ ಬಳಿ ಕುಳಿತು ವಿಷಯವನ್ನು ಅರಗಿಸಿಕೊಂಡು ಹೋದ ಅವರು, ನಾನು ಮಾತನಾಡುತ್ತಿಲ್ಲ, ಒಂದು ಸಮಾಜ ನನ್ನ ಮೂಲಕ ಮಾತನಾಡುತ್ತಿದೆ ಎಂಬ ಭಾವದಿಂದಲೇ ನಿಂತಿರಬೇಕು. ಅದೇ ವೇದಿಕೆಯಲ್ಲಿದ್ದ ಸ್ವಾಮಿ ವಿವೇಕಾನಂದರು ತಮ್ಮ ಎದೆ ಬಡಿದುಕೊಳ್ಳುತ್ತಿತ್ತು, ನಾಲಿಗೆ ಒಣಗಿತ್ತು, ಸರದಿಯನ್ನು ಮುಂದಕ್ಕೆ ಹಾಕುತ್ತಲೇ ಇದ್ದೆ ಎಂದು ಶಿಷ್ಯರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ನಡುಕ ದೇಹಧರ್ಮ. ಅದು ಬಂದಿತೆಂದು ಯಾರೂ ಅಯೋಗ್ಯರಾಗುವುದಿಲ್ಲ.

ಅಭ್ಯಾಸದ ಮಾರ್ಗ

ಇಷ್ಟು ನಿದರ್ಶನಗಳಿಂದ ನಮ್ಮ ಮನೆಗಳಿಗೂ ಬಸದಿಯ ಸಮಿತಿಗಳಿಗೂ ಕೆಲವು ಕಾರ್ಯಸೂತ್ರಗಳು ದೊರೆಯುತ್ತವೆ. ಭಾಷಾಸಮಿತಿಯ ಲಕ್ಷಣವನ್ನು ಹಿರಿಯರು ಹಿತ, ಮಿತ, ಪ್ರಿಯ ಎಂಬ ಮೂರು ಪದಗಳಲ್ಲಿ ಹೇಳಿದ್ದಾರೆ. ಮಾತಿನ ಸಿದ್ಧತೆಗೂ ಈ ಮೂರೇ ಸಾಕು.

ಹಿತವೆಂದರೆ ಕೇಳುವವರಿಗೆ ಯಾವುದು ಬೇಕೆಂದು ಮೊದಲು ಗೊತ್ತುಮಾಡಿಕೊಳ್ಳುವುದು. ನನ್ನ ಮಾತು ಮುಗಿದ ಮೇಲೆ ಇವರು ಯಾವ ಒಂದು ಸಂಗತಿಯನ್ನು ಮನೆಗೆ ಒಯ್ಯಬೇಕು ಎಂದು ಕೇಳಿಕೊಂಡು, ಅದನ್ನು ಒಂದೇ ವಾಕ್ಯದಲ್ಲಿ ಬರೆದಿಡಬೇಕು. ಮಿತವೆಂದರೆ ಆ ಸಂಗತಿಗೆ ಬೇಕಾದ ಎರಡು ಮೂರು ಅಂಶಗಳನ್ನು ಮಾತ್ರ ಆರಿಸಿಕೊಳ್ಳುವುದು. ಪೂರ್ಣ ಭಾಷಣವನ್ನು ಬಾಯಿಪಾಠ ಮಾಡಬಾರದು. ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಮನೆಯವರ ಮುಂದೆ ಎರಡು ಮೂರು ಸಲ, ಪ್ರತಿಸಲವೂ ಬೇರೆ ಮಾತುಗಳಲ್ಲಿ ಹೇಳಿ ನೋಡಬೇಕು. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಗಟ್ಟಿಯಾಗಿರಲಿ. ಪ್ರಿಯವೆಂದರೆ ಹೊಗಳಿಕೆಯಲ್ಲ. ಎದುರಿಗಿರುವ ಒಬ್ಬ ಸ್ನೇಹಶೀಲ ಮುಖವನ್ನು ನೋಡಿ, ಅವರೊಡನೆ ಜಗಲಿಯಲ್ಲಿ ಕುಳಿತು ಆಡುವಂತೆ ನಿಧಾನವಾಗಿ ಆಡುವುದು. ಎದ್ದೊಡನೆ ಒಂಬತ್ತು ಸಲ ಣಮೋಕಾರ ಜಪಿಸುವಷ್ಟು ಕಾಲವಿಲ್ಲದಿದ್ದರೂ ಒಂದು ದೀರ್ಘ ಉಸಿರಿಗೆ ಕಾಲವಿರುತ್ತದೆ. ಮಾತು ನಡುವೆ ನಿಂತರೆ ನಿಲ್ಲಲಿ. ಚೀಟಿಯನ್ನು ನೋಡಿ ಮುಂದುವರಿಸುವುದು ಅಪಮಾನವಲ್ಲ.

ನಮ್ಮ ಮಲೆನಾಡಿನಲ್ಲಿ ಇದಕ್ಕೆ ಒಂದು ಪಾಠಶಾಲೆ ಹಿಂದಿನಿಂದಲೂ ಇದೆ. ಅದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೆದ ಸಂಭಾಷಣೆಯೂ ಇಲ್ಲ. ಭಾಗವತರ ಪದ ಮುಗಿದೊಡನೆ ಅರ್ಥಧಾರಿ ತನ್ನ ಪಾತ್ರದ ಮಾತನ್ನು ಅಲ್ಲಿಯೇ ಕಟ್ಟಬೇಕು. ಹಗಲೆಲ್ಲ ತೋಟದಲ್ಲಿ ದುಡಿದ ಕೃಷಿಕರು ರಾತ್ರಿ ಕುಳಿತು ಗಂಟೆಗಟ್ಟಲೆ ಅರ್ಥ ಹೇಳುವುದನ್ನು ಈ ಭಾಗದವರು ಕೇಳಿದ್ದೇವೆ. ಅವರ ಧೈರ್ಯದ ಗುಟ್ಟು ಪ್ರಸಂಗದ ಜ್ಞಾನ ಮತ್ತು ಎದುರಿನವನ ಮಾತನ್ನು ಕಿವಿಗೊಟ್ಟು ಕೇಳುವ ಅಭ್ಯಾಸ. ಹೊಸಬರಿಗೆ ಮೊದಲು ಸಣ್ಣ ಪಾತ್ರ ಕೊಡುತ್ತಾರೆ. ನಮ್ಮ ಬಸದಿಗಳಲ್ಲಿಯೂ ಹೀಗೆ ಮಾಡಬಾರದೇಕೆ? ದಶಲಕ್ಷಣದ ಹತ್ತು ದಿನಗಳಲ್ಲಿ ಒಬ್ಬ ವಿದ್ವಾಂಸರ ಪ್ರವಚನದ ಮೊದಲು ಒಬ್ಬ ಹುಡುಗನಿಗೋ ಹುಡುಗಿಗೋ ಮೂರೇ ನಿಮಿಷದ ಅವಕಾಶವಿರಲಿ. ಅಡುಗೆಮನೆಯಲ್ಲಿ ಪುರಾಣವನ್ನೆಲ್ಲ ಬಲ್ಲ ತಾಯಂದಿರಿಗೆ ಒಂದು ಕಥೆ ಹೇಳಲು ಕೇಳಿಕೊಳ್ಳೋಣ. ತಡವರಿಸಿದವರನ್ನು ಕಂಡು ನಗದಿರುವುದು ಕೇಳುವವರ ಅಹಿಂಸಾವ್ರತ.

ಸಮಿತಿಗಳ ಅಧ್ಯಕ್ಷರಲ್ಲಿ ಒಂದು ವಿಶೇಷ ಬಿನ್ನಹ. ಠರಾವನ್ನು ಓದಿ ಎಲ್ಲರಿಗೂ ಒಪ್ಪಿಗೆಯೇ ಎಂದು ಕೇಳಿ ಮುಂದಕ್ಕೆ ಹೋಗಬೇಡಿ. ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತವರನ್ನು ಹೆಸರು ಹಿಡಿದು ಕೇಳಿ. ಎದ್ದು ಹೇಳಲಾರದವರಿಗೆ ಚೀಟಿಯಲ್ಲಿ ಬರೆದುಕೊಡಲು ಅವಕಾಶ ಕೊಡಿ, ಅದನ್ನು ಸಭೆಯಲ್ಲಿ ಓದಿಸಿ. ಗಾಂಧೀಜಿಗೂ ಒಮ್ಮೆ ಅಷ್ಟೇ ಸಾಧ್ಯವಾಗಿತ್ತು. ಮಾತಿನ ಚತುರರು ಮಾತ್ರ ನಡೆಸುವ ಸಂಸ್ಥೆಯಲ್ಲಿ ಬಲ್ಲವರ ತಿಳಿವಳಿಕೆ ವ್ಯರ್ಥವಾಗುತ್ತದೆ.

ಈ ಲೇಖಕನ ವಿಷಯವನ್ನು ಅರ್ಧಕ್ಕೆ ಬಿಡಬಾರದು. ದಾನಪತ್ರ ತೋರಿಸಿದ ಮೇಲೆ ಆ ಹಿರಿಯರು, “ಇದನ್ನು ನನಗೆ ತೋರಿಸಿ ಸುಮ್ಮನಿರಬೇಡ, ಬರುವ ಸಭೆಯಲ್ಲಿ ನೀನೇ ಹೇಳು” ಎಂದರು. ಹೇಳಿದೆ. ಧ್ವನಿ ನಡುಗುತ್ತಲೇ ಇತ್ತು. ಪತ್ರವನ್ನು ಹಿಡಿದ ಕೈಯೂ ನಡುಗುತ್ತಿತ್ತು. ಆದರೆ ಆ ಸಲ ನನ್ನ ಕಣ್ಣ ಮುಂದೆ ಇದ್ದದ್ದು ಸಭೆಯಲ್ಲ, ನಂದಾದೀಪಕ್ಕೆಂದು ತನ್ನ ಗದ್ದೆಯನ್ನು ಬಿಟ್ಟುಕೊಟ್ಟ ಆ ತಾಯಿ. ಜಮೀನು ಮರಳಲಿಲ್ಲ. ಅದರ ಬದಲು ದೀಪಕ್ಕೆ ಬೇರೆ ನಿಧಿಯನ್ನು ಇಡಲು ಸಭೆ ಒಪ್ಪಿತು. ಒಂದು ವರ್ಷ ಮೊದಲು ಎದ್ದಿದ್ದರೆ ಜಮೀನೂ ಉಳಿಯುತ್ತಿತ್ತು ಎಂಬ ಅರಿವು ಇಂದಿಗೂ ನನ್ನಲ್ಲಿದೆ.

ಹಿರಿಯರ ಆ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟು. ಗೊತ್ತಿದ್ದೂ ಹೇಳದಿದ್ದುದು ನನ್ನ ವಿನಯವಾಗಿರಲಿಲ್ಲ. ಭೀರುತ್ವವನ್ನು ಬಿಡದೆ ಸತ್ಯವ್ರತ ಪೂರ್ಣವಾಗದು ಎಂಬ ಆಚಾರ್ಯವಾಣಿಯನ್ನು ಪ್ರತಿವರ್ಷ ಪಠಿಸುತ್ತೇವೆ. ಬರುವ ಭಾದ್ರಪದದಲ್ಲಿ ಏಳನೆಯ ಅಧ್ಯಾಯವನ್ನು ಪಠಿಸುವಾಗ ಆ ಒಂದು ಪದದ ಮುಂದೆ ಕ್ಷಣಕಾಲ ನಿಲ್ಲೋಣ. ಆಮೇಲೆ ನಮ್ಮ ನಮ್ಮ ಊರಿನ ಸಭೆಯಲ್ಲಿ, ನಡುಗುವ ಧ್ವನಿಯಲ್ಲಾದರೂ ಸರಿ, ಹೇಳಬೇಕಾದುದನ್ನು ಹೇಳೋಣ.